ಕಪ್ಪು ಕಾಮನಬಿಲ್ಲು ಮತ್ತು ನಮ್ಮ ಮೊಹಲ್ಲಾದ ಯತೀಮರು

ನಮ್ಮ ಮೊಹಲ್ಲಾದಲ್ಲಿ ಒಬ್ಬ ತಂದೆ ತೀರಿಕೊಂಡರೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತಿದೆ. ಮಸೀದಿಯಿಂದ ಮರಣವಾರ್ತೆ ಕೇಳಿಬಂದ ಸ್ವಲ್ಪ ಹೊತ್ತಿನಲ್ಲೇ ಮನೆಯ ಮುಂದೆ ಕುರ್ಚಿಗಳು ಬಂದು ಸೇರುತ್ತವೆ. ಕಫನ್ ಬಟ್ಟೆ ತರುವುದು, ಮಯ್ಯಿತ್‌ಗೆ ಸ್ನಾನ ಮಾಡಿಸುವುದು, ಖಬರ್ ತೋಡುವುದು ಎಲ್ಲವನ್ನೂ ಯಾರೂ ಹೇಳದೆಯೇ ಯಾರೋ ವಹಿಸಿಕೊಳ್ಳುತ್ತಾರೆ. ಮೂರು ದಿನ ಆ ಮನೆಯಲ್ಲಿ ಒಲೆ ಹಚ್ಚಲು ನೆರೆಹೊರೆಯವರು ಬಿಡುವುದಿಲ್ಲ. ಜಮಾಅತ್‌ನ ಹಿರಿಯರು ಬಂದು ವಿಧವೆಯ ಕೈಗೆ ಒಂದಿಷ್ಟು ಹಣ ತಲುಪಿಸುತ್ತಾರೆ. ರಮಝಾನ್ ಬಂದಾಗ ಝಕಾತ್‌ನ ಪಟ್ಟಿಯಲ್ಲಿ ಆ ಮನೆಯ ಹೆಸರು ಸೇರುತ್ತದೆ. ಇದು ಸಣ್ಣ ಮಾತಲ್ಲ. ಸಾವಿನ ಮನೆಯನ್ನು ಒಂಟಿಯಾಗಿ ಬಿಡದ ಈ ಗುಣಕ್ಕಾಗಿ ನಾವು ಅಲ್ಲಾಹನಿಗೆ ಕೃತಜ್ಞರಾಗಿರಬೇಕು.

ಆದರೆ ಆ ಮೂರು ದಿನಗಳಲ್ಲಿ ಆ ಮನೆಯ ಹತ್ತು ವರ್ಷದ ಹುಡುಗ ಎಲ್ಲಿದ್ದ? ಬಂದವರಿಗೆ ನೀರು ಕೊಡುತ್ತಿದ್ದ, ಚಪ್ಪಲಿಗಳನ್ನು ಸರಿಸಿ ದಾರಿ ಮಾಡುತ್ತಿದ್ದ. ಒಬ್ಬ ಹಿರಿಯರು ಅವನ ತಲೆ ನೇವರಿಸಿ, ‘ಅಳಬಾರದು ಮಗಾ, ಇನ್ನು ಈ ಮನೆಗೆ ನೀನೇ ಗಂಡಸು’ ಎಂದರು. ಹೇಳಿದವರ ಮನಸ್ಸಿನಲ್ಲಿ ಪ್ರೀತಿಯೇ ಇತ್ತು. ಹುಡುಗ ಆ ಮಾತನ್ನು ಕೇಳಿದ, ಅಂದಿನಿಂದ ಯಾರ ಮುಂದೆಯೂ ಅಳಲಿಲ್ಲ. ನಾವು ಅದನ್ನು ಸಬ್ರ್ ಎಂದು ಹೊಗಳಿದೆವು. ಆರು ತಿಂಗಳ ಬಳಿಕ ಅವನು ಶಾಲೆಯಲ್ಲಿ ಸಹಪಾಠಿಯನ್ನು ಹೊಡೆದಾಗ, ಮದ್ರಸಾದಲ್ಲಿ ಪಾಠ ಮರೆತಾಗ, ‘ತಂದೆಯಿಲ್ಲದ ಹುಡುಗ, ಹದ ತಪ್ಪಿದ್ದಾನೆ’ ಎಂದವರೂ ನಾವೇ. ಇಂತಹ ಹುಡುಗನನ್ನು ಕಾಣದ ಮೊಹಲ್ಲಾ ನಮ್ಮಲ್ಲಿ ಇರಲಾರದು.

ಯತೀಮರ ಹಕ್ಕಿನ ಕುರಿತು ನಮ್ಮ ಸಮುದಾಯಕ್ಕೆ ಹೊಸದಾಗಿ ಬೋಧಿಸಬೇಕಾದ ಅಗತ್ಯವಿಲ್ಲ. ಪವಿತ್ರ ಕುರ್‌ಆನ್ ಅವರ ಸೊತ್ತಿನ ಬಗ್ಗೆ, ಅವರ ಮಾನದ ಬಗ್ಗೆ, ಅವರೊಂದಿಗೆ ಕಠೋರವಾಗಿ ನಡೆದುಕೊಳ್ಳುವವರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದೆ. ನಮ್ಮ ಪ್ರವಾದಿ(ಸ)ರೇ ತಂದೆಯ ಮುಖ ಕಾಣದೆ ಹುಟ್ಟಿದ ಯತೀಮರಾಗಿದ್ದರು. ಆದರೂ ನಮ್ಮ ಆಚರಣೆಯಲ್ಲಿ ಯತೀಮನ ಹಕ್ಕು ಎಂಬುದು ಅನ್ನ, ಬಟ್ಟೆ, ಶಾಲಾ ಶುಲ್ಕ ಇವುಗಳ ಲೆಕ್ಕಕ್ಕೆ ಇಳಿದುಬಿಟ್ಟಿದೆ. ಅವನ ದುಃಖಕ್ಕೆ ನಮ್ಮ ಪಟ್ಟಿಯಲ್ಲಿ ಜಾಗವಿಲ್ಲ. ಹಾಗೆಯೇ, ಅವನು ಮುಂದೊಂದು ದಿನ ಕೊಡುವವನಾಗಬಲ್ಲ ಎಂಬ ನಂಬಿಕೆಗೂ ಜಾಗವಿಲ್ಲ. ಈ ಎರಡು ಕೊರತೆಗಳನ್ನು ಕುರಿತು ಚಿಂತಿಸುವಾಗ ನಮಗೆ ದೂರದ ಜಪಾನಿನ ಒಂದು ಸೇವಾಸಂಸ್ಥೆಯೂ ಅದರ ಹಿಂದಿರುವ ಜನರೂ ನೆನಪಾಗುತ್ತಾರೆ. ಸಂಸ್ಥೆಯ ಹೆಸರು ಆಶಿನಾಗಾ. ಅದು ಮುಸ್ಲಿಮರ ಸಂಸ್ಥೆಯಲ್ಲ, ಯಾವುದೇ ಧರ್ಮದ ಸಂಸ್ಥೆಯೂ ಅಲ್ಲ. ಆದರೆ ಯತೀಮರ ವಿಷಯದಲ್ಲಿ ಅದು ನಡೆದ ದಾರಿ ನಮ್ಮನ್ನು ನಾಚಿಸುವಂತಿದೆ, ನಮಗೆ ಕಲಿಸುವಂತೆಯೂ ಇದೆ.

ಅದರ ಕಥೆ ಒಂದು ರಸ್ತೆ ಅಪಘಾತದಿಂದ ಆರಂಭವಾಗುತ್ತದೆ. 1963ರ ಕೊನೆಯಲ್ಲಿ ಯೋಶಿಯೋಮಿ ತಮಾಯಿ ಎಂಬ ಯುವ ಲೇಖಕನ ತಾಯಿಗೆ ಕಾರೊಂದು ಡಿಕ್ಕಿ ಹೊಡೆಯಿತು. ಒಂದು ತಿಂಗಳಿಗೂ ಹೆಚ್ಚು ಕಾಲ ಪ್ರಜ್ಞೆಯಿಲ್ಲದೆ ಮಲಗಿದ್ದ ಆ ತಾಯಿ ಸೂಕ್ತ ಚಿಕಿತ್ಸೆ ದೊರೆಯದೆ 1964ರ ಆರಂಭದಲ್ಲಿ ಕಣ್ಮುಚ್ಚಿದರು. ಅದಕ್ಕೂ ಮೊದಲು, 1961ರಲ್ಲಿ, ನೊಬುಹಾರು ಒಕಾಜಿಮಾ ಎಂಬ ಇನ್ನೊಬ್ಬ ತರುಣ ತನ್ನ ಅಕ್ಕನನ್ನು ಕುಡಿದ ಚಾಲಕನೊಬ್ಬನ ವಾಹನಕ್ಕೆ ಕಳೆದುಕೊಂಡಿದ್ದ. ಒಬ್ಬ ಲೇಖನಿ ಹಿಡಿದು ಅಪಘಾತದ ಸಂತ್ರಸ್ತರ ಪರವಾಗಿ ಬರೆಯತೊಡಗಿದ. ಇನ್ನೊಬ್ಬ 1967ರಲ್ಲಿ ಅಪಘಾತದಿಂದ ಅನಾಥರಾದ ಮಕ್ಕಳಿಗೆ ಧೈರ್ಯ ತುಂಬುವ ಸಣ್ಣ ಗುಂಪೊಂದನ್ನು ಕಟ್ಟಿದ. ಇಬ್ಬರೂ ಜೊತೆಗೂಡಿದರು.

ಆಗ ಜಪಾನಿನ ರಸ್ತೆಗಳು ರಣರಂಗದಂತಿದ್ದವು. ಅಲ್ಲಿನ ಜನ ಅದನ್ನು ‘ಸಂಚಾರ ಯುದ್ಧ’ ಎಂದೇ ಕರೆಯುತ್ತಿದ್ದರು. 1970ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 16,765 ಮಂದಿ. ಸತ್ತವರ ಹಿಂದೆ ಉಳಿದ ಮಕ್ಕಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 1968ರಲ್ಲಿ ತಂದೆಯನ್ನು ಕಳೆದುಕೊಂಡ ಹತ್ತು ವರ್ಷದ ಹುಡುಗನೊಬ್ಬ ತಂದೆಯ ಕುರಿತು ತಾನೇ ಬರೆದ ಪ್ರಬಂಧವನ್ನು ಟೀವಿಯ ಕಾರ್ಯಕ್ರಮವೊಂದರಲ್ಲಿ ಓದಿದ. ಕೇಳಿದ ದೇಶ ಕಣ್ಣೀರಿಟ್ಟಿತು. ಮರುವರ್ಷ, 1969ರಲ್ಲಿ, ಅಪಘಾತದಿಂದ ಅನಾಥರಾದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸಂಸ್ಥೆಯೊಂದು ಹುಟ್ಟಿಕೊಂಡಿತು. ಕಣ್ಣೀರು ಒಂದು ದಿನದ ಅನುಕಂಪವಾಗಿ ಆರಿಹೋಗದೆ ವ್ಯವಸ್ಥೆಯೊಂದಾಗಿ ಉಳಿಯಿತು. ಸತ್ತವರ ಮನೆಯಲ್ಲಿ ಅತ್ತು ಹೊರಬಂದ ಮೇಲೆ ನಮ್ಮ ಕಣ್ಣೀರು ಏನಾಗುತ್ತದೆ ಎಂದು ನಾವೂ ಕೇಳಿಕೊಳ್ಳಬೇಕಾಗಿದೆ.

ಈ ಜನ ಮಾಡಿದ ಮೊದಲ ಒಳ್ಳೆಯ ನಿರ್ಧಾರವನ್ನು ಗಮನಿಸೋಣ. ಅವರು ಅನಾಥಾಲಯ ಕಟ್ಟಲಿಲ್ಲ. ತಂದೆ ಸತ್ತ ಮಗುವಿಗೆ ತಾಯಿ ಇದ್ದಾಳೆ, ಮನೆಯಿದೆ, ಒಡಹುಟ್ಟಿದವರಿದ್ದಾರೆ. ಆ ಮಗು ತಂದೆಯ ಜೊತೆಗೆ ಇವನ್ನೂ ಏಕೆ ಕಳೆದುಕೊಳ್ಳಬೇಕು? ಮಗು ತಾಯಿಯ ಬಳಿಯಲ್ಲೇ ಇದ್ದು ಓದಲೆಂದು ಅವರು ವಿದ್ಯಾರ್ಥಿವೇತನ ಕೊಟ್ಟರು. ದಶಕಗಳ ಕಾಲ ಆ ನೆರವು ಬಡ್ಡಿರಹಿತ ಸಾಲದ ರೂಪದಲ್ಲಿತ್ತು. ಓದಿ ಕೆಲಸ ಸೇರಿದ ಮೇಲೆ ವಿದ್ಯಾರ್ಥಿ ಅದನ್ನು ನಿಧಾನವಾಗಿ ಹಿಂದಿರುಗಿಸುತ್ತಿದ್ದ, ಆ ಹಣ ಮತ್ತೊಬ್ಬ ಅನಾಥನ ಓದಿಗೆ ಸಲ್ಲುತ್ತಿತ್ತು. ಈಚಿನ ವರ್ಷಗಳಲ್ಲಿ ಹಿಂದಿರುಗಿಸಬೇಕಿಲ್ಲದ ನೆರವನ್ನೂ ಅವರು ಕೊಡುತ್ತಿದ್ದಾರೆ. ಕರ್ಝೆ ಹಸನಾ ಎಂಬ ಪದವನ್ನು ಕೇಳಿರದ ಜನ ಅದರ ಅರ್ಥವನ್ನು ಕಾರ್ಯದಲ್ಲಿ ತಂದರು. ನಮ್ಮ ಯತೀಮ್‌ಖಾನೆಗಳ ಸೇವೆಯನ್ನು ನಾವು ಕಡೆಗಣಿಸುತ್ತಿಲ್ಲ. 1943ರಲ್ಲಿ ಮಲಬಾರಿನಲ್ಲಿ ಕಾಲರಾ ಹಬ್ಬಿ ಮನೆಗೆ ಮನೆಯೇ ಬರಿದಾದಾಗ ತಿರೂರಂಗಾಡಿಯ ಯತೀಮ್‌ಖಾನೆ ಮಕ್ಕಳ ಪ್ರಾಣ ಉಳಿಸಿತು. ಆಸರೆಗೆ ಯಾರೂ ಇಲ್ಲದ ಮಕ್ಕಳಿಗೆ ಇಂದಿಗೂ ಅಂತಹ ಸೂರು ಬೇಕು. ಆದರೆ ತಾಯಿ ಬದುಕಿದ್ದು, ಕೇವಲ ಬಡತನದ ಕಾರಣಕ್ಕೆ ಏಳು ವರ್ಷದ ಮಗುವನ್ನು ಅವಳಿಂದ ಬಿಡಿಸಿ ದೂರದ ಹಾಸ್ಟೆಲಿಗೆ ಸೇರಿಸುವುದು ಮಗುವಿಗೆ ಎರಡನೇ ಸಾವಿನಂತೆ. ಹಾಸ್ಟೆಲಿಗೆ ಕೊಡುವ ಹಣವನ್ನು ಆ ತಾಯಿಯ ಕೈಗೇ ಕೊಡಬಹುದಲ್ಲವೇ?

ಸಂಸ್ಥೆಯ ಹೆಸರಿನಲ್ಲೂ ಒಂದು ಪಾಠವಿದೆ. ಜಪಾನಿ ಭಾಷೆಯಲ್ಲಿ ಆಶಿನಾಗಾ ಎಂದರೆ ಉದ್ದ ಕಾಲಿನವನು. ಅಮೆರಿಕದ ಜೀನ್ ವೆಬ್‌ಸ್ಟರ್ 1912ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರಲ್ಲಿ ಅನಾಥ ಹುಡುಗಿಯೊಬ್ಬಳ ಓದಿಗೆ ಹೆಸರು ಹೇಳದ ದಾನಿಯೊಬ್ಬ ನೆರವಾಗುತ್ತಾನೆ. ಅವಳು ಕಂಡದ್ದು ಅವನ ಉದ್ದನೆಯ ನೆರಳನ್ನು ಮಾತ್ರ. ಆ ಕಥೆಯಿಂದಲೇ ಈ ಹೆಸರು ಬಂದಿದೆ. ಸಂಸ್ಥೆಗೆ ನಿಯಮಿತವಾಗಿ ಹಣ ಕಳಿಸುವ ಸಾಮಾನ್ಯ ಜನರನ್ನೂ ಅಲ್ಲಿ ‘ಆಶಿನಾಗಾ-ಸಾನ್’ ಎಂದು ಕರೆಯುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತಹ ದಾನವನ್ನು ಶ್ಲಾಘಿಸಿದ ಧರ್ಮ ನಮ್ಮದು. ಆದರೆ ನಮ್ಮ ಸಭಾಂಗಣಗಳಲ್ಲಿ ಇಂದು ನಡೆಯುತ್ತಿರುವುದೇನು? ಬ್ಯಾನರ್ ಕಟ್ಟಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹೊಲಿಗೆ ಯಂತ್ರವನ್ನೋ ಪುಸ್ತಕದ ಚೀಲವನ್ನೋ ಹತ್ತು ಕೈಗಳು ಹಿಡಿದು ಫೋಟೋ ತೆಗೆಸಿಕೊಳ್ಳುತ್ತೇವೆ. ಸಂಜೆಯೊಳಗೆ ಆ ಫೋಟೋ ನೂರು ವಾಟ್ಸ್ಯಾಪ್ ಗುಂಪುಗಳಲ್ಲಿ ಸುತ್ತುತ್ತದೆ. ಆ ಚೀಲ ಹೊತ್ತು ಮರುದಿನ ಶಾಲೆಗೆ ಹೋಗುವ ಹುಡುಗಿಯ ಮುಖವನ್ನು ಅವಳ ಸಹಪಾಠಿಗಳು ಆ ಫೋಟೋದಲ್ಲಿ ಆಗಲೇ ನೋಡಿರುತ್ತಾರೆ. ಕೊಟ್ಟ ಚೀಲದ ಬೆಲೆಗಿಂತ ಹೆಚ್ಚಿನದನ್ನು ನಾವು ಅವಳಿಂದ ಕಿತ್ತುಕೊಂಡಿರುತ್ತೇವೆ.

ಆಶಿನಾಗಾದ ಹಿಂದಿರುವ ಜನರಲ್ಲಿ ನಮ್ಮ ಮನಸ್ಸನ್ನು ಬಹುವಾಗಿ ತಟ್ಟಿದವರು ಅಲ್ಲಿನ ವಿದ್ಯಾರ್ಥಿಗಳು. 1970ರಿಂದ ವಸಂತ ಮತ್ತು ಶರತ್ಕಾಲಗಳಲ್ಲಿ, ಜಪಾನಿನ ರೈಲು ನಿಲ್ದಾಣಗಳ ಮುಂದೆ ಯುವಕ ಯುವತಿಯರು ಪೆಟ್ಟಿಗೆ ಹಿಡಿದು ಹಣ ಸಂಗ್ರಹಿಸುತ್ತ ಬಂದಿದ್ದಾರೆ. ಅವರಲ್ಲಿ ಅನೇಕರು ಸ್ವತಃ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡು ಆ ಸಂಸ್ಥೆಯ ನೆರವಿನಿಂದಲೇ ಓದುತ್ತಿರುವವರು. ತಮಗಿಂತ ಕಿರಿಯ ಅನಾಥರಿಗಾಗಿ ಅವರು ಬಿಸಿಲಲ್ಲಿ ನಿಲ್ಲುತ್ತಾರೆ. ಅಷ್ಟೇ ಅಲ್ಲ, ರಸ್ತೆ ಅಪಘಾತದಿಂದ ಅನಾಥರಾದ ಈ ಮಕ್ಕಳೇ ಒಂದು ದಿನ ಕೇಳಿದರು: ಭೂಕಂಪದಲ್ಲಿ ತಂದೆ ಸತ್ತವನ ಗತಿಯೇನು? ಕಾಯಿಲೆಯಿಂದ ತಾಯಿ ಸತ್ತವಳ ಗತಿಯೇನು? ಅವರ ಒತ್ತಾಯ ಮತ್ತು ದುಡಿಮೆಯ ಫಲವಾಗಿ 1988ರಲ್ಲಿ ದುರಂತಗಳಲ್ಲಿ ಅನಾಥರಾದವರಿಗೂ 1993ರಲ್ಲಿ ರೋಗದಿಂದ ಹೆತ್ತವರನ್ನು ಕಳೆದುಕೊಂಡವರಿಗೂ ನೆರವು ವಿಸ್ತರಿಸಿತು. ಆಶಿನಾಗಾ ಎಂಬ ಹೆಸರು ಬಂದದ್ದೂ ಆಗಲೇ. ಪಡೆದದ್ದಕ್ಕೆ ಋಣ ತೀರಿಸುವುದೆಂದರೆ ತನ್ನಂತೆಯೇ ನೊಂದ ಮತ್ತೊಬ್ಬನಿಗೆ ದಾರಿ ಮಾಡಿಕೊಡುವುದು ಎಂದು ಅವರು ತಿಳಿದರು. ನಮ್ಮ ಯತೀಮ್ ಸಮಿತಿಗಳಲ್ಲಿ ಯತೀಮರಾಗಿ ಬೆಳೆದವರು ಎಷ್ಟು ಮಂದಿ ಇದ್ದಾರೆ? ವ್ಯಾಪಾರಿಗಳಿದ್ದಾರೆ, ಉಸ್ತಾದರಿದ್ದಾರೆ, ವಕೀಲರಿದ್ದಾರೆ. ಆ ನೋವನ್ನು ಒಳಗಿನಿಂದ ಬಲ್ಲವರಿಗೆ ಮಾತ್ರ ಅಲ್ಲಿ ಕುರ್ಚಿಯಿಲ್ಲ.

ಇನ್ನು ಕೋಬೆಯ ಕಥೆಗೆ ಬರೋಣ. 1995ರ ಜನವರಿ 17ರ ನಸುಕಿನಲ್ಲಿ ಜಪಾನಿನ ಕೋಬೆ ನಗರ ಮತ್ತು ಸುತ್ತಲಿನ ಪ್ರದೇಶವನ್ನು ಭೂಕಂಪ ನಡುಗಿಸಿತು. ಒಟ್ಟು 6,434 ಮಂದಿ ಸತ್ತರು. ಆಶಿನಾಗಾದ ಕಾರ್ಯಕರ್ತರು ಮತ್ತು ವಿದ್ಯಾರ್ಥಿಗಳು ಕುಸಿದ ಬೀದಿಗಳಲ್ಲಿ, ನಿರಾಶ್ರಿತರ ಶಿಬಿರಗಳಲ್ಲಿ ಅಲೆದು ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಹುಡುಕಿದರು. 573 ಮಕ್ಕಳು ಸಿಕ್ಕರು. ಆ ಬೇಸಿಗೆಯಲ್ಲಿ ಅವರನ್ನೆಲ್ಲ ಸೇರಿಸಿ ನಡೆಸಿದ ಶಿಬಿರದಲ್ಲಿ, ಭೂಕಂಪದಲ್ಲಿ ತನ್ನವರನ್ನು ಕಳೆದುಕೊಂಡ ಹುಡುಗನೊಬ್ಬ ಕಾಮನಬಿಲ್ಲಿನ ಚಿತ್ರ ಬಿಡಿಸಿದ. ಅದರಲ್ಲಿ ಏಳು ಬಣ್ಣಗಳಿರಲಿಲ್ಲ. ಅವನ ಕಾಮನಬಿಲ್ಲು ಕಪ್ಪಾಗಿತ್ತು.

ಶುಲ್ಕ ಕಟ್ಟುವುದರಿಂದ ಆ ಕಪ್ಪು ಹೋಗದೆಂದು ಅಲ್ಲಿದ್ದವರಿಗೆ ಅರ್ಥವಾಯಿತು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಬೆವರ್ಲಿ ಚಾಪೆಲ್ ಎಂಬ ಮಹಿಳೆ 1982ರಲ್ಲಿ ಆರಂಭಿಸಿದ ಡಗ್ಗಿ ಸೆಂಟರ್ ಎಂಬ ಕೇಂದ್ರವಿದೆ. ಮೆದುಳಿನ ಗಡ್ಡೆಯಿಂದ ತೀರಿಕೊಂಡ ಡಗ್ಗಿ ಎಂಬ ಹುಡುಗನ ನೆನಪಿನಲ್ಲಿ ಅದು ಹುಟ್ಟಿತು. ದುಃಖದಲ್ಲಿರುವ ಮಕ್ಕಳು ತಮ್ಮಂತಹ ಇತರ ಮಕ್ಕಳ ಜೊತೆ ಕೂತು ಮಾತಾಡುವ, ಆಡುವ ಜಾಗ ಅದು. ಕೋಬೆಯ ಜನ ಅದರ ಕ್ರಮವನ್ನು ಕಲಿತು 1999ರಲ್ಲಿ ‘ಕಾಮನಬಿಲ್ಲಿನ ಮನೆ’ಯನ್ನು ಕಟ್ಟಿದರು. ಅಲ್ಲಿ ಮಾತಿನ ಕೋಣೆಯಿದೆ. ಜ್ವಾಲಾಮುಖಿಯ ಕೋಣೆ ಎಂಬ ಇನ್ನೊಂದು ಕೋಣೆಯಿದೆ. ಅದರ ಗೋಡೆಗಳಿಗೆ ಮೆತ್ತೆ ಹೊದಿಸಲಾಗಿದೆ, ಗುದ್ದಲು ಚೀಲ ತೂಗುಹಾಕಲಾಗಿದೆ. ಮಗುವಿನೊಳಗೆ ಕುದಿಯುವ ಸಿಟ್ಟು ಯಾರಿಗೂ ಗಾಯವಾಗದಂತೆ ಅಲ್ಲಿ ಹೊರಬರಬಹುದು. ನಮ್ಮ ಹುಡುಗ ಶಾಲೆಯಲ್ಲಿ ಸಹಪಾಠಿಯನ್ನು ಹೊಡೆದದ್ದು ಏಕೆಂದು ಈ ಕೋಣೆಯನ್ನು ಕಟ್ಟಿದವರಿಗೆ ತಿಳಿದಿತ್ತು. ಅಲ್ಲಿ ಮಕ್ಕಳ ಜೊತೆಗಿರುವ ಸ್ವಯಂಸೇವಕರು ತರಬೇತಿ ಪಡೆದ ಸಾಮಾನ್ಯ ಜನ. ಅವರು ಉಪದೇಶ ಮಾಡುವುದಿಲ್ಲ, ಅಳು ನಿಲ್ಲಿಸೆಂದು ಹೇಳುವುದಿಲ್ಲ, ಮಗು ಬಯಸದ ಮಾತನ್ನು ಕೆದಕುವುದೂ ಇಲ್ಲ. ಮಗುವಿನ ಎತ್ತರಕ್ಕೆ ಬಾಗಿ, ಅದು ಹೇಳಿದ್ದನ್ನು ಕೇಳುತ್ತಾರೆ. ಪಕ್ಕದ ಕೋಣೆಯಲ್ಲಿ ತಾಯಂದಿರೂ ಪರಸ್ಪರ ಮಾತಾಡಬಹುದು.

ಈ ಕ್ರಮ ಒಂದು ನಗರಕ್ಕೆ ಸೀಮಿತವಾಗಲಿಲ್ಲ. ಉಗಾಂಡಾದಲ್ಲಿ ಏಡ್ಸ್ ರೋಗಕ್ಕೆ ಹೆತ್ತವರನ್ನು ಕಳೆದುಕೊಂಡ ಮಕ್ಕಳಿಗಾಗಿ 2003ರಲ್ಲಿ ಕಂಪಾಲಾದ ಬಳಿ ಇಂತಹದೇ ಮನೆ ತೆರೆಯಿತು. 2011ರ ಭೂಕಂಪ ಮತ್ತು ಸುನಾಮಿಯಲ್ಲಿ ಜಪಾನಿನ 2,000ಕ್ಕೂ ಹೆಚ್ಚು ಮಕ್ಕಳು ತಂದೆಯನ್ನೋ ತಾಯಿಯನ್ನೋ ಇಬ್ಬರನ್ನೂ ಸೇರಿಯೋ ಕಳೆದುಕೊಂಡಾಗ, ಆ ಕರಾವಳಿಯ ಪ್ರದೇಶದಲ್ಲೂ ಮೂರು ಮನೆಗಳು ಎದ್ದವು.

ಇದನ್ನೆಲ್ಲ ಓದುವಾಗ ಕೆಲವರು ಕೇಳಬಹುದು: ನಮಗೆ ಸಬ್ರ್ ಕಲಿಸಿದ ಧರ್ಮವಿರುವಾಗ ಜಪಾನಿನಿಂದ ಕಲಿಯುವುದೇನಿದೆ? ನಮ್ಮ ಉತ್ತರವಿಷ್ಟೆ. ಇದು ನಮ್ಮ ಪ್ರವಾದಿ(ಸ)ರ ಬದುಕಿನಲ್ಲೇ ಇತ್ತು, ನಾವು ಅದನ್ನು ಕೈಬಿಟ್ಟಿದ್ದೇವೆ. ಮುಅ್ತಾ ಯುದ್ಧದಲ್ಲಿ ಜಅ್ಫರ್(ರ) ಹುತಾತ್ಮರಾದ ಸುದ್ದಿ ಬಂದಾಗ ಪ್ರವಾದಿವರ್ಯರು(ಸ) ತಾವೇ ಆ ಮನೆಗೆ ನಡೆದರು. ಮಕ್ಕಳನ್ನು ಕರೆಸಿ ಅಪ್ಪಿಕೊಂಡರು, ಅವರ ಕಣ್ಣುಗಳು ತುಂಬಿಬಂದವು. ಆ ಮನೆಗೆ ಅಡಿಗೆ ಮಾಡಿ ಕಳಿಸಲು ಜನರಿಗೆ ಹೇಳಿದರು. ನಾವು ಅಡಿಗೆ ಕಳಿಸುವ ಸುನ್ನತ್ತನ್ನು ಚಾಚೂ ತಪ್ಪದೆ ಪಾಲಿಸುತ್ತೇವೆ, ಅಪ್ಪಿಕೊಂಡು ಅತ್ತ ಸುನ್ನತ್ತನ್ನು ಮರೆತಿದ್ದೇವೆ. ಕೆಲವು ದಿನಗಳ ಬಳಿಕ ಅವರು ಮತ್ತೆ ಆ ಮನೆಗೆ ಬಂದರು. ಮಕ್ಕಳಲ್ಲಿ ಯಾರು ಯಾರನ್ನು ಹೋಲುತ್ತಾರೆಂದು ಹೇಳಿ ಅವರ ಮನಸ್ಸನ್ನು ಅರಳಿಸಿದರು. ತಾಯಿ ಮಕ್ಕಳ ಯತೀಮತನವನ್ನು ನೆನೆದು ಕಳವಳಪಟ್ಟಾಗ, ಇಹದಲ್ಲೂ ಪರದಲ್ಲೂ ಈ ಮಕ್ಕಳಿಗೆ ತಾನಿರುವೆನೆಂದು ಭರವಸೆ ಕೊಟ್ಟರು.

ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿಮರಿ ಸತ್ತಾಗ ಪ್ರವಾದಿ(ಸ)ರು ಅವನ ಮೋರೆ ಬಾಡಿದ್ದನ್ನು ಕಂಡರು, ಹಕ್ಕಿಯ ಬಗ್ಗೆ ಅವನನ್ನೇ ಕೇಳಿದರು. ಒಂದು ರಾಜ್ಯದ ಹೊಣೆ ಹೊತ್ತವರಿಗೆ ಮಗುವಿನ ಹಕ್ಕಿಯ ಸಾವು ಸಣ್ಣದಾಗಿ ಕಾಣಲಿಲ್ಲ. ಇನ್ನು ಅವರದೇ ದುಃಖ. ಆರು ವರ್ಷದವರಿದ್ದಾಗ ತಾಯಿ ಆಮಿನಾ ಅಬ್‌ವಾ ಎಂಬಲ್ಲಿ ತೀರಿಕೊಂಡರು. ಅರ್ಧ ಶತಮಾನ ಕಳೆದ ಮೇಲೆ ಪ್ರವಾದಿ(ಸ)ರು ತಾಯಿಯ ಸಮಾಧಿಯ ಬಳಿ ನಿಂತು ಅತ್ತರು, ಸುತ್ತಲಿದ್ದವರೂ ಅತ್ತರು. ಯತೀಮತನ ವಯಸ್ಸಿನೊಂದಿಗೆ ಮುಗಿದುಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಸಬ್ರ್ ಎಂದರೆ ಅಲ್ಲಾಹನ ವಿಧಿಗೆ ಎದುರಾಡದಿರುವುದು. ಕಣ್ಣೀರನ್ನು ನುಂಗುವುದು ಸಬ್ರ್‌ನ ಷರತ್ತಾಗಿದ್ದರೆ ಪ್ರವಾದಿ(ಸ)ರು ಅಳುತ್ತಿರಲಿಲ್ಲ.

ನಾವು ಹೇಳಲು ಹಿಂಜರಿಯುವ ಇನ್ನೊಂದು ವಿಷಯವಿದೆ. ಆತ್ಮಹತ್ಯೆಯಿಂದ ಹೆತ್ತವರನ್ನು ಕಳೆದುಕೊಂಡ ಮಕ್ಕಳು ಜಪಾನಿನಲ್ಲಿ ಬಹುಕಾಲ ತಂದೆ ಹೇಗೆ ಸತ್ತರೆಂದು ಯಾರಿಗೂ ಹೇಳಲಾಗದೆ ಬದುಕಿದ್ದರು. 2000ದಲ್ಲಿ ಆಶಿನಾಗಾದ ಅಂತಹ ವಿದ್ಯಾರ್ಥಿಗಳು ತಮ್ಮ ಬರಹಗಳನ್ನು ಪುಸ್ತಿಕೆಯಾಗಿ ತಂದರು. ಮುಂದೆ ಕೆಲವರು ಹೆಸರು ಮುಖ ಮರೆಮಾಚದೆ ಮಾತಾಡಿದರು, ಪ್ರಧಾನಿಯನ್ನೂ ಭೇಟಿಯಾದರು. 2006ರಲ್ಲಿ ಆತ್ಮಹತ್ಯೆ ತಡೆಯುವ ಮೂಲಭೂತ ಕಾನೂನು ಬರಲು ಅವರ ಧ್ವನಿಯೂ ಒಂದು ಕಾರಣ. ಆತ್ಮಹತ್ಯೆ ನಮ್ಮ ಧರ್ಮದಲ್ಲಿ ನಿಷಿದ್ಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲಕ್ಕೋ ಖಿನ್ನತೆಗೋ ತಂದೆ ಸೋತುಹೋದರೆ ಆ ಮಗಳು ಮಾಡಿದ ತಪ್ಪೇನು? ಒಬ್ಬರ ಹೊರೆಯನ್ನು ಇನ್ನೊಬ್ಬರ ಮೇಲೆ ಹೇರಬಾರದೆಂಬುದು ನಮ್ಮ ವಿಶ್ವಾಸದ ಅಡಿಗಲ್ಲು. ಆದರೂ ಅಂತಹ ಮನೆಯ ಮುಂದೆ ನಾವು ಕುರ್ಚಿ ಹಾಕುವುದಿಲ್ಲ, ಬೇಗ ಎದ್ದು ಬರುತ್ತೇವೆ. ಆ ಮಗು ಎಲ್ಲ ಯತೀಮರಿಗಿಂತ ಹೆಚ್ಚು ಯತೀಮ. ಸತ್ತವರ ತೀರ್ಮಾನವನ್ನು ಅಲ್ಲಾಹನಿಗೆ ಬಿಟ್ಟು, ಬದುಕಿರುವ ಮಗುವಿನ ಹೊಣೆಯನ್ನು ನಾವು ಹೊರಬೇಕು.

ಈ ಮಾತುಗಳನ್ನು ನಾವು ದೂರದ ದೇಶದ ಕೌತುಕಕ್ಕಾಗಿ ಬರೆಯುತ್ತಿಲ್ಲ. ಜಪಾನಿನಲ್ಲಿ ರಸ್ತೆ ಸಾವುಗಳು ಈಗ ವರ್ಷಕ್ಕೆ 3,000ದ ಒಳಗಿವೆ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 1.68 ಲಕ್ಷಕ್ಕೂ ಹೆಚ್ಚು ಜನ ರಸ್ತೆಗಳಲ್ಲಿ ಸತ್ತರು. ಅವರಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಮಂದಿ 18ರಿಂದ 45 ವಯಸ್ಸಿನವರು. ಎಳೆಯ ಮಕ್ಕಳ ತಂದೆತಾಯಂದಿರ ವಯಸ್ಸು ಅದೇ. ಹೆದ್ದಾರಿಯ ಲಾರಿ ಚಾಲಕರು, ಮುಂಜಾನೆ ಮೀನು ಸಾಗಿಸುವವರು, ಬೈಕಿನಲ್ಲಿ ಕೆಲಸಕ್ಕೆ ಹೊರಟವರು ನಮ್ಮವರೂ ಹೌದು. ‘ಸಂಚಾರ ಯುದ್ಧ’ ಈಗ ನಮ್ಮ ಮನೆಯ ಬಾಗಿಲಲ್ಲಿದೆ.

ಹಾಗಾದರೆ ಒಂದು ಸಾಧಾರಣ ಜಮಾಅತ್ ಏನು ಮಾಡಬಹುದು? ಮೊದಲನೆಯದಾಗಿ, ಸಾವು ಸಂಭವಿಸಿದ ಮನೆಗೆ ಒಬ್ಬ ಜವಾಬ್ದಾರಿಯುತ ವ್ಯಕ್ತಿಯನ್ನು ಮೂರು ದಿನಕ್ಕಲ್ಲ, ಒಂದು ವರ್ಷಕ್ಕೆ ನೇಮಿಸಬಹುದು. ಅಪಘಾತದ ಪರಿಹಾರದ ಅರ್ಜಿಗೆ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಆರು ತಿಂಗಳ ಮಿತಿ ಹಾಕಿದೆ. ಅದರಲ್ಲಿ ನಾಲ್ಕು ತಿಂಗಳು ಹತ್ತು ದಿನ ವಿಧವೆ ಇದ್ದತ್‌ನಲ್ಲಿರುತ್ತಾಳೆ. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೂ ಮೃತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರದ ಯೋಜನೆಯಿದೆ. ಈ ಕಾಗದಪತ್ರಗಳ ಹಿಂದೆ ಓಡಾಡಲು ಅವಳಿಗೆ ಯಾರಾದರೂ ಬೇಕು. ಎರಡನೆಯದಾಗಿ, ನೆರವನ್ನು ಮನೆಗೇ ತಲುಪಿಸಿ ಮಗುವನ್ನು ತಾಯಿಯ ಬಳಿ ಉಳಿಸಬೇಕು, ಫೋಟೋವನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಮೂರನೆಯದಾಗಿ, ತಿಂಗಳಿಗೊಮ್ಮೆ ಮೊಹಲ್ಲಾದ ಯತೀಮ್ ಮಕ್ಕಳು ಒಟ್ಟಿಗೆ ಆಡಲು, ಚಿತ್ರ ಬಿಡಿಸಲು, ತಂದೆಯ ಬಗ್ಗೆ ಬೇಕೆನಿಸಿದರೆ ಮಾತಾಡಲು ಮದ್ರಸಾದ ಒಂದು ಕೋಣೆಯನ್ನು ತೆರೆದಿಡಬಹುದು. ಅದನ್ನು ನಡೆಸುವ ಹೊಣೆಯನ್ನು ಯತೀಮರಾಗಿ ಬೆಳೆದು ದೊಡ್ಡವರಾದವರಿಗೆ ಕೊಡಬೇಕು, ಮಕ್ಕಳ ಮನಸ್ಸನ್ನು ಬಲ್ಲ ವೈದ್ಯರ ಅಥವಾ ಆಪ್ತಸಮಾಲೋಚಕರ ಸಲಹೆ ಪಡೆಯಬೇಕು. ಇದಕ್ಕೆ ಕಟ್ಟಡದ ನಿಧಿ ಬೇಕಿಲ್ಲ.

ಕೊನೆಯದಾಗಿ ಮನೆಮನೆಯ ಮಾತು. ನಿಮ್ಮ ಅಣ್ಣನ ಮಗ, ನೆರೆಮನೆಯ ಹುಡುಗಿ, ಮಗನ ಸಹಪಾಠಿ ಯಾರಾದರೂ ಯತೀಮರಾಗಿದ್ದರೆ ಅವರ ತಂದೆಯ ಹೆಸರನ್ನು ಅವರ ಮುಂದೆ ಹೇಳಲು ಹೆದರಬೇಡಿ. ‘ನಿನ್ನ ಅಬ್ಬ ಹೀಗೆಯೇ ನಗುತ್ತಿದ್ದರು’ ಎಂದು ಹೇಳುವವರಿಗಾಗಿ ಆ ಮಗು ಕಾದಿರುತ್ತದೆ. ನೀವು ತಂದಿಟ್ಟ ಅಕ್ಕಿಯ ಚೀಲ ಮುಗಿದ ಮೇಲೂ ಆ ಮಾತು ಉಳಿಯುತ್ತದೆ. ‘ಇನ್ನು ನೀನೇ ಗಂಡಸು’ ಎಂದು ಹತ್ತು ವರ್ಷದ ಹೆಗಲ ಮೇಲೆ ಮನೆಯನ್ನು ಹೊರಿಸುವ ಬದಲು ‘ನಾವಿದ್ದೇವೆ ಮಗಾ, ನೀನು ಅಳು’ ಎಂದು ಹೇಳಿ, ಹೇಳಿದಂತೆ ಇರೋಣ.

ಯತೀಮನಾಗಿ ಹುಟ್ಟಿದ ಪ್ರವಾದಿ(ಸ)ರ ಉಮ್ಮತ್‌ನಲ್ಲಿ ಯಾವ ಮಗುವೂ ಒಂಟಿಯಾಗಿ ಕಪ್ಪು ಕಾಮನಬಿಲ್ಲು ಬಿಡಿಸುವಂತಾಗದಿರಲಿ. ನಮ್ಮ ಕೈಗಳಿಗೆ ತೋರಿಕೆಯಿಲ್ಲದ ದಾನವನ್ನೂ ನಮ್ಮ ಕಿವಿಗಳಿಗೆ ಕೇಳುವ ತಾಳ್ಮೆಯನ್ನೂ ಅಲ್ಲಾಹನು ಅನುಗ್ರಹಿಸಲಿ. ಆಮೀನ್.